ಬುಟ್ಟಿಯವರ ಮನೆಮಾತು

ಗೊರಗುಂಟೆಪಾಳ್ಯದ ಪ್ರೈಮರಿ ಶಾಲೆಯ ಮುನಿವೆಂಕಟಯ್ಯ ಮೇಷ್ಟ್ರು ಊರವರ ಕಣ್ಣೆದುರಿಗೆ ಅತ್ತದ್ದು ಒಂದೇ ಸಲ, ಅದೂ ಸಂತೋಷಕ್ಕೆ. ಐವತ್ತಾರನೆಯ ಇಸವಿ ನವೆಂಬರ್ ಒಂದನೇ ತಾರೀಖು, ಕನ್ನಡದ ಜನರೆಲ್ಲ ಒಂದೇ ರಾಜ್ಯಕ್ಕೆ ಬಂದರೆಂಬ ಸುದ್ದಿಯನ್ನು ಪಟೇಲರ ಮನೆಯ ರೇಡಿಯೋದಲ್ಲಿ ಕೇಳಿ, ಜಗಲಿಯ ಕಂಬ ಹಿಡಿದುಕೊಂಡು ಗಳಗಳ ಅತ್ತುಬಿಟ್ಟರು. ಪಟೇಲರು ಗಾಬರಿಯಾಗಿ ನೀರು ತರಿಸಿದರು. ಆ ವಾರವೇ ಮೇಷ್ಟ್ರು ಶಾಲೆಯ ಗೋಡೆಗೆ ಸುಣ್ಣ ಬಳಿದು, ಕೆಮ್ಮಣ್ಣು ಕಲಸಿ, ಬೀದರಿನಿಂದ ಚಾಮರಾಜನಗರದವರೆಗೆ ಹೊಸ ರಾಜ್ಯದ ನಕ್ಷೆ ಬರೆದರು. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, "ಮನೆಮಂದಿ ಒಂದಾದ್ರೆ ಮನೆ ಉದ್ಧಾರ, ನಾಡಿನ ಜನ ಒಂದಾದ್ರೆ ದೇಶ ಉದ್ಧಾರ" ಎಂದು ಹೇಳಿಕೊಟ್ಟರು.

ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಅವರ ಮನೆಯಲ್ಲಿ ತಲೆತಲಾಂತರದಿಂದ ಆಡುತ್ತಿದ್ದದ್ದು ತೆಲುಗು. ಇನ್ನು ಮೇಲೆ ಮನೆಯಲ್ಲೂ ಕನ್ನಡವೇ ಎಂದು ಅವರು ತಾಯಿ ಸೊಣ್ಣಮ್ಮನಿಗೆ ಹೇಳಿದಾಗ ಆಕೆ ಮುದ್ದೆ ತಿರುವುವ ಕೋಲು ಹಿಡಿದೇ ನಕ್ಕಳು. "ಆಗಲಪ್ಪ. ಕನ್ನಡದಾಗೆ ತಿರುವಿದ್ರೆ ಗಂಟಾಗಾಕಿಲ್ವೇನೋ, ನೋಡಾನ" ಎಂದಳು. ಎರಡು ದಿನ ಮಗನಿಗಾಗಿ ಕನ್ನಡ ಆಡಿದಳು. ಮೂರನೆಯ ದಿನ ಹಾಲಿನ ಪಾತ್ರೆಗೆ ಬೆಕ್ಕು ಬಾಯಿ ಹಾಕಿದಾಗ ಅದನ್ನು ತೆಲುಗಿನಲ್ಲೇ ಬೈದಳು. ಅಲ್ಲಿಗೆ ಆ ಸುಧಾರಣೆ ಮುಗಿಯಿತು.

ಅದು ಊರು ಬದಲಾಗುತ್ತಿದ್ದ ಕಾಲ. ಜಾಲಹಳ್ಳಿಯ ದಿಕ್ಕಿಗೆ ಕಾರ್ಖಾನೆಗಳು ಏಳುತ್ತಿದ್ದವು. ಎಲ್ಲೆಲ್ಲಿಂದಲೋ ಬಂದ ಜನ ಸೈಕಲ್ಲಿನ ಮೇಲೆ ಸಾಲಾಗಿ ತುಮಕೂರು ರಸ್ತೆ ದಾಟುತ್ತಿದ್ದರು. ಯಶವಂತಪುರದಿಂದ ಚಿಕ್ಕಬಾಣಾವರದ ಕಡೆ ಹೋಗುವ ರೈಲು ಹಳಿಯ ಪಕ್ಕದ ಬಯಲಿನಲ್ಲಿ ಹತ್ತು ಹನ್ನೆರಡು ಗುಡಿಸಲು ಹಾಕಿಕೊಂಡು ಒಂದು ಗುಂಪು ನೆಲೆಸಿತ್ತು. ಬಿದಿರು ಸೀಳಿ, ಈಚಲ ಗರಿ ಸಿಗಿದು ಮಂಕರಿ, ಮೊರ ಹೆಣೆಯುವುದು ಅವರ ಕಸುಬು. ಕಾರ್ಖಾನೆ ಕಟ್ಟುವ ಕಡೆ ಮಣ್ಣು ಹೊರಲು ಮಂಕರಿಗಳು ಬೇಕಾಗಿದ್ದವು, ಹಾಗಾಗಿ ಕೈತುಂಬ ಕೆಲಸವಿತ್ತು. ಊರವರು ಅವರನ್ನು ಬುಟ್ಟಿಯವರು ಅನ್ನುತ್ತಿದ್ದರು. ಅವರ ಜಾತಿಗೂ ಮಾತಿಗೂ ಬೇರೊಂದು ಹೆಸರಿತ್ತು. ಅದನ್ನು ಅವರು ಹೊರಗಿನವರ ಮುಂದೆ ಹೇಳುತ್ತಿರಲಿಲ್ಲ.

ಐವತ್ತೊಂಬತ್ತರಲ್ಲಿ ಮೇಷ್ಟ್ರು ಆ ಗುಡಿಸಲುಗಳಿಗೆ ಹೋಗಿ, ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಕೇಳಿದರು. ಯಾರೂ ಒಪ್ಪಲಿಲ್ಲ. ಕೊನೆಗೆ ಮುನಿಗಂಗಮ್ಮನೆಂಬಾಕೆ, ಗಂಡ ಸತ್ತ ಹೆಂಗಸು, ತನ್ನ ಏಳು ವರ್ಷದ ಮಗಳನ್ನು ಮುಂದಕ್ಕೆ ತಳ್ಳಿ, "ಇವಳ್ನ ಕರ್ಕಂಡೋಗಿ ಸೋಮಿ" ಎಂದಳು. ಹುಡುಗಿಯ ಹೆಸರು ಪಟಾಲಮ್ಮ.

ಪಟಾಲಮ್ಮ ಆರು ತಿಂಗಳು ತರಗತಿಯಲ್ಲಿ ತುಟಿ ಬಿಚ್ಚಲಿಲ್ಲ. ಕೇಳಿದ್ದಕ್ಕೆ ಉತ್ತರವಿಲ್ಲ, ಹೊಡೆದರೆ ಅಳುವೂ ಇಲ್ಲ. ಹುಡುಗಿ ಮೂಕಿ ಎಂದೇ ಮೇಷ್ಟ್ರು ತೀರ್ಮಾನಿಸಿದ್ದರು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊಂಗೆ ಮರದ ಹಿಂದಿನಿಂದ ಜೋರು ದನಿ ಕೇಳಿ ಇಣುಕಿದರು. ಪಟಾಲಮ್ಮ ಒಂದು ಕಡ್ಡಿ ಹಿಡಿದು ನಿಂತು, ಗುಡಿಸಲಿನಿಂದ ಬಂದಿದ್ದ ನಾಲ್ಕು ಪುಟ್ಟ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಮೇಷ್ಟ್ರು ಆ ಬೆಳಿಗ್ಗೆ ಹೇಳಿಕೊಟ್ಟಿದ್ದ ಕಳೆಯುವ ಲೆಕ್ಕವನ್ನು ತನ್ನ ಮಾತಿನಲ್ಲಿ ಹೇಳಿಕೊಡುತ್ತಿದ್ದಳು. ದಶಕದಿಂದ ಕಡ ತರುವ ಕಡೆ ಮೇಷ್ಟ್ರು ಒಂದು ಕಾಲು ಮುಂದಿಡುತ್ತಿದ್ದರಲ್ಲ, ಅವಳೂ ಹಾಗೇ ಇಟ್ಟಳು. ಮೇಷ್ಟ್ರಿಗೆ ನಗು ಬಂತು, ಹಿಂದೆಯೇ ಏನೋ ಚುಚ್ಚಿದಂತಾಯಿತು. ಅವಳಿಗೆ ಹೊಡೆದಿದ್ದು ನೆನಪಾಯಿತು.

ಮರುದಿನದಿಂದ ಅವರು ಅವಳಿಂದ ಒಂದೊಂದೇ ಮಾತು ಕಲಿಯತೊಡಗಿದರು. ನೀರಿಗೆ ಏನಂತೀರಿ, ಎರಡಕ್ಕೆ ಏನು, ಬಾ ಅನ್ನೋದಕ್ಕೆ ಏನು. ಅವರ ಉಚ್ಚಾರಣೆಗೆ ಮಕ್ಕಳು ಬಿದ್ದು ಬಿದ್ದು ನಕ್ಕರು. ನಕ್ಕ ಮಕ್ಕಳು ಮಾತಾಡಿದರು. ವರ್ಷ ತುಂಬುವಷ್ಟರಲ್ಲಿ ಬುಟ್ಟಿಯವರ ಹದಿನಾಲ್ಕು ಮಕ್ಕಳು ಶಾಲೆಗೆ ಬರುತ್ತಿದ್ದರು. ಪಟಾಲಮ್ಮ ಕನ್ನಡ ಪುಸ್ತಕವನ್ನು ಗಿಳಿಯ ಹಾಗೆ ಓದುತ್ತಿದ್ದಳು. ಅವಳ ಬಾಯಲ್ಲಿ ಪುಸ್ತಕದ ಕನ್ನಡವೇ ಬರುತ್ತಿತ್ತು. ಊರ ಮಕ್ಕಳು "ಓಯ್ತೀನಿ" ಅಂದರೆ ಇವಳು "ಹೋಗುತ್ತೇನೆ" ಅನ್ನುತ್ತಿದ್ದಳು.

ಅರವತ್ತೊಂದನೆಯ ಇಸವಿ ಫೆಬ್ರವರಿಯಲ್ಲಿ ಖಾನೇಸುಮಾರಿ, ಅಂದರೆ ಜನಗಣತಿ, ಬಂತು. ಮೇಷ್ಟ್ರುಗಳೇ ಮನೆಮನೆಗೆ ಹೋಗಿ ತಲೆಗೊಂದು ಚೀಟಿಯಂತೆ ತುಂಬಬೇಕು. ಹೆಸರು, ವಯಸ್ಸು, ಹುಟ್ಟಿದ ಊರು, ಕಸುಬು, ಮಾತೃಭಾಷೆ. ಪಕ್ಕದ ಬೀದಿಗಳ ಕೆಲಸ ಉರ್ದು ತರಗತಿಯ ಜಮೀರ್ ಮೇಷ್ಟ್ರಿಗೆ ಬಿದ್ದಿತ್ತು. ಅವರು ಮುನಿವೆಂಕಟಯ್ಯನವರಿಗಿಂತ ಹತ್ತು ವರ್ಷ ದೊಡ್ಡವರು, ನಿಧಾನಸ್ಥರು. "ಜನ ಏನ್ ಹೇಳ್ತಾರೋ ಅದನ್ನ ಬರೀರಿ. ನಿಮ್ಮದು ಒಂದಕ್ಷರಾನೂ ಸೇರಿಸ್ಬೇಡಿ, ಒಂದಕ್ಷರಾನೂ ಬಿಡ್ಬೇಡಿ" ಎಂದು ಬುದ್ಧಿ ಹೇಳಿದರು.

ಮುನಿವೆಂಕಟಯ್ಯ ತಮ್ಮ ಮನೆಯಿಂದಲೇ ಶುರುಮಾಡಿದರು. ಸೊಣ್ಣಮ್ಮ, "ನಂದು ತೆಲುಗು ಅಂತ್ಲೇ ಬರಿ. ಸರ್ಕಾರಕ್ಕೆ ಸುಳ್ಳು ಯೋಳ್ಬಾರ್ದು" ಎಂದಳು. ಅವರು ತಾಯಿಯ ಚೀಟಿಯಲ್ಲಿ ತೆಲುಗು ಎಂದೂ ತಮ್ಮದರಲ್ಲಿ ಕನ್ನಡ ಎಂದೂ ಬರೆದರು. ಒಂದೇ ಒಲೆಯ ಮುಂದೆ ಕೂತ ಇಬ್ಬರಿಗೆ ಎರಡು ಮಾತೃಭಾಷೆಯಾಯಿತು. ತಾಯಿಗಾಗಲಿ ಮಗನಿಗಾಗಲಿ ಅದರಿಂದ ಏನೂ ನಷ್ಟವಾಗಲಿಲ್ಲ.

ಹಳಿಯ ಪಕ್ಕದ ಗುಡಿಸಲುಗಳಿಗೆ ಹೋದಾಗ ಮುನಿಗಂಗಮ್ಮ ಬಿದಿರು ಸೀಳುತ್ತಿದ್ದಳು. ಎಲ್ಲ ಪ್ರಶ್ನೆಗೂ ಸಲೀಸಾಗಿ ಉತ್ತರ ಹೇಳಿದಳು. ಮಾತೃಭಾಷೆ ಎಂದಾಗ, "ಕನ್ನಡ ಸೋಮಿ" ಎಂದಳು.

"ಮನೇಲಿ ಆಡೋ ಮಾತು ಕೇಳ್ತಿರೋದಮ್ಮ. ನಿಮ್ಮ ಮಾತು ಬೇರೆ ಅಲ್ವಾ? ನಾನೇ ನಾಲ್ಕಕ್ಷರ ಕಲ್ತಿದೀನಲ್ಲ."

ಆಕೆಯ ಕೈಯಲ್ಲಿದ್ದ ಮಚ್ಚು ನಿಂತಿತು. ಪಕ್ಕದಲ್ಲಿ ಮೊರ ಕಟ್ಟುತ್ತಿದ್ದ ತಮ್ಮ ಮುನಿಗಂಗಪ್ಪನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

"ಕನ್ನಡ ಅಂತ್ಲೇ ಬರ್ಕಳಿ ಸೋಮಿ. ನಿಮ್ ಕಾಲಿಗೆ ಬೀಳ್ತೀನಿ. ನಮ್ಮಪ್ಪನ ಎಸ್ರು ಠಾಣೇಲಿ ಬರ್ಕಂಡಿದ್ರು. ಅವ್ನು ಏನೂ ಕದ್ದೋನಲ್ಲ. ನಮ್ ಜಾತಿ ಎಸ್ರು ಅಂದ್ರೇನೇ ಕಳ್ರು ಅಂತ ಬರ್ಕಂಡಿದ್ರು. ದಿನಾ ಒತ್ತು ಮುಳುಗಾಗ ಓಗಿ ಎಬ್ಬೆಟ್ ಒತ್ತಬೇಕು. ಸಾಯೋ ಮುಂಚಿನ ದಿನಾನೂ ಜರದಾಗೆ ಓಗಿ ಒತ್ತಿ ಬಂದ."

"ಜಾತಿಗೇ ಕಳ್ಳರು ಅನ್ನೋ ಆ ಕಾಯ್ದೆ ಈಗಿಲ್ಲ ಕಣಮ್ಮ. ರದ್ದಾಗಿ ಎಂಟೊಂಬತ್ತು ವರ್ಷ ಆಯ್ತು. ಸ್ವತಂತ್ರ ಬಂದಿದೆ."

"ಕಾಯ್ದೆ ಓಗದೆ ಸೋಮಿ. ರಿಜಿಸ್ಟ್ರು ಓಗಿಲ್ಲ" ಎಂದಳು ಮುನಿಗಂಗಮ್ಮ.

ಜನ ಹೇಳಿದ್ದನ್ನೇ ಬರೆಯಬೇಕೆಂಬುದು ನಿಯಮವೇ ಆಗಿತ್ತು. ಐವತ್ತೊಂದು ಚೀಟಿಗಳಲ್ಲಿ ಕನ್ನಡ ಎಂದು ಬರೆದುಕೊಂಡು ಎದ್ದರು. ಹಿಂದಕ್ಕೆ ಬರುವಾಗ ಅವರ ಮನಸ್ಸು ಹಗುರವಾಗಿಯೇ ಇತ್ತೆಂದು ಹೇಳಬೇಕು. ಕನ್ನಡಕ್ಕೆ ಐವತ್ತೊಂದು ಜನ ಹೆಚ್ಚಾದರಲ್ಲ ಎಂದು ಒಂದು ಮೂಲೆಯಲ್ಲಿ ಅವರಿಗೆ ಸಂತೋಷವೂ ಆಗಿತ್ತು. ಅದನ್ನು ನೆನೆದು ಆಮೇಲೆ ಅವರು ಬಹಳ ನಾಚಿದರು.

ಎರಡು ವರ್ಷ ಕಳೆಯಿತು. ಚಿಕ್ಕ ಮಕ್ಕಳ ತರಗತಿಯಲ್ಲಿ ಎಪ್ಪತ್ತು ತಲೆ ತುಂಬಿದವು. ಮೇಷ್ಟ್ರು ಕಲಿತ ನಾಲ್ಕು ಮಾತು ಸಾಲದಾಯಿತು. ಹೊಸದಾಗಿ ಸೇರಿದ ಬುಟ್ಟಿಯವರ ಮಕ್ಕಳು ಪಟಾಲಮ್ಮನ ಹಾಗೇ ಬಾಯಿ ಮುಚ್ಚಿ ಕೂತು, ಮೂರು ತಿಂಗಳಿಗೆ ಶಾಲೆ ಬಿಡುತ್ತಿದ್ದರು. ಮುನಿಗಂಗಪ್ಪ ಎಲ್ಲೋ ಮಿಷನ್ನಿನವರ ಹತ್ತಿರ ನಾಲ್ಕನೆಯ ತರಗತಿವರೆಗೆ ಓದಿದ್ದ. ಅವನನ್ನು ದಿನಕ್ಕೆ ಎರಡು ಗಂಟೆ ಚಿಕ್ಕ ಮಕ್ಕಳ ಜೊತೆ ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಮೇಷ್ಟ್ರಿಗೆ ಅನ್ನಿಸಿತು. ಅರವತ್ತಮೂರರ ಬೇಸಿಗೆಯಲ್ಲಿ ಶಾಲೆ ತನಿಖೆಗೆ ಇನ್‌ಸ್ಪೆಕ್ಟರು ಬಂದಾಗ ವಿಷಯ ಎತ್ತಿದರು.

ಇನ್‌ಸ್ಪೆಕ್ಟರು ಕೆಟ್ಟವರಲ್ಲ. ಚೀನಾ ಗಡಿಯಲ್ಲಿ ಯುದ್ಧ ಮುಗಿದು ಆರು ತಿಂಗಳಾಗಿರಲಿಲ್ಲ. ಅವರ ಅಣ್ಣನ ಮಗ ಅಲ್ಲಿಂದ ಕಾಲು ಕಳೆದುಕೊಂಡು ಬಂದಿದ್ದ.

"ಮೇಷ್ಟ್ರೇ, ಇಂಥಾ ಹೊತ್ನಲ್ಲಿ ಇನ್ನೊಂದು ಭಾಷೆ ಅಂತ ಬರ್ತೀರಲ್ಲ. ದೇಶ ಮುಂದೆ ಬರಬೇಕಾದ್ರೆ ಎಲ್ಲ ಒಂದಾಗ್ಬೇಕು. ಈ ಸಣ್ಣಪುಟ್ಟವೆಲ್ಲ ಅದರಲ್ಲಿ ಕರಗಿ ಹೋಗ್ಬೇಕು."

"ಒಂದಾಗೋಕೇ ಅಲ್ವಾ ಸಾರ್ ಆ ಮಕ್ಕಳು ಶಾಲೆಗೆ ಬಂದಿರೋದು? ನಾವು ಒಳಗೆ ಬನ್ನಿ ಅಂತೀವಿ. ಅವಕ್ಕೆ ಬಾಗಿಲು ಎಲ್ಲಿದೆ ಅಂತ್ಲೇ ಗೊತ್ತಾಗಲ್ಲ. ಅವರ ಮಾತಿನಲ್ಲಿ ಕೈ ಹಿಡ್ಕೊಂಡು ಒಂದು ವರ್ಷ ನಡೆಸಿದ್ರೆ ಆಮೇಲೆ ತಾವೇ ಓಡ್ತಾವೆ."

ಇನ್‌ಸ್ಪೆಕ್ಟರು ಹಾಜರಿ ಪುಸ್ತಕ ಮುಚ್ಚಿಟ್ಟರು. "ಕೇಳೋಕೆ ಅವಕಾಶ ಇಲ್ಲ ಅಂತ ಏನಿಲ್ಲ. ಮನೆಮಾತು ಬೇರೆ ಇರೋ ಹತ್ತು ಮಕ್ಕಳಿದ್ರೆ ಅರ್ಜಿ ಕೊಡಬಹುದು. ಆ ಬೀದಿ ಖಾನೇಸುಮಾರಿ ಮಾಡಿದೋರು ಯಾರು?"

"ನಾನೇ ಸಾರ್."

"ಮಾತೃಭಾಷೆ ಏನಂತ ಬರೆದ್ರಿ?"

"ಕನ್ನಡ ಅಂತ."

"ಮತ್ತೆ?" ಇನ್‌ಸ್ಪೆಕ್ಟರು ನಕ್ಕರು. ಅದರಲ್ಲಿ ಕುಹಕವಿರಲಿಲ್ಲ. "ಲೆಕ್ಕದಲ್ಲಿ ಇಲ್ಲದೇ ಇರೋ ಜನಕ್ಕೆ ನಾನು ಎಲ್ಲಿಂದ ಮೇಷ್ಟ್ರನ್ನ ತರ್ಲಿ? ಅವರದು ಯಾವ ಜಾತಿ, ಯಾವ ಭಾಷೆ ಅಂತ ಹೆಸರು ಹಾಕಿ, ಮಕ್ಕಳ ತಂದೆತಾಯಿ ಸಹಿ ತೊಗೊಂಡು ಅರ್ಜಿ ಕೊಡಿ. ಮೇಲಕ್ಕೆ ಕಳಿಸ್ತೀನಿ. ಹೆಸರಿಲ್ದೆ ಆಗಲ್ಲ."

ಮೇಷ್ಟ್ರು ಒಂದು ವಾರ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದರು. ಕೊನೆಗೆ ಗುಡಿಸಲುಗಳ ಹತ್ತಿರ ಹೋಗಿ, ಮುನಿಗಂಗಮ್ಮನನ್ನೂ ಅವಳ ತಮ್ಮನನ್ನೂ ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದರು. ಹೆಸರು ಬರೆಯಬೇಕಾಗುತ್ತದೆ ಎಂಬುದನ್ನು ಮೂರು ಸಲ ಹೇಳಿದರು. ಬೇಡವೆಂದರೆ ಇವತ್ತಿಗೇ ಬಿಟ್ಟುಬಿಡೋಣ ಎಂದೂ ಹೇಳಿದರು. ಅವಳು ಬೇಡವೆಂದೇ ಹೇಳುತ್ತಾಳೆಂದು ಅವರು ನಂಬಿದ್ದರು. ಬಹುಶಃ ಹಾಗೇ ಹೇಳಲಿ ಎಂದು ಬಯಸಿಯೂ ಇದ್ದರು.

ಗುಡಿಸಲಿನ ಒಳಗೆ ಪಟಾಲಮ್ಮ ಚಿಕ್ಕವರಿಗೆ ಏನೋ ಓದಿ ಹೇಳುತ್ತಿದ್ದಳು. ತಾಯಿ ಅದನ್ನು ಕೇಳುತ್ತ ಕೂತಿದ್ದಳು.

"ನನ್ ಮಗ್ಳು ನಿಮ್ಮಂಗೆ ಮೇಷ್ಟ್ರಾಯ್ತೀನಿ ಅಂತವಳೆ ಸೋಮಿ. ಆಯ್ತಾಳಾ?"

"ಆಗ್ತಾಳೆ ಕಣಮ್ಮ. ಯಾಕಾಗಲ್ಲ?"

"ಪೋಲೀಸ್ನೋರು ಬರ್ದಿದ್ಕೆ ನಮ್ ಎಸ್ರು ಕೆಟ್ಟೋಯ್ತು. ನೀವು ಬರುದ್ರೆ ಒಳ್ಳೇದಾಗ್ಬೋದು. ಬರೀರಿ" ಎಂದು ಎಡಗೈ ಹೆಬ್ಬೆರಳು ಚಾಚಿದಳು.

ಮೇಷ್ಟ್ರು ತಮ್ಮ ಅತ್ಯಂತ ಚೆಂದದ ಅಕ್ಷರದಲ್ಲಿ ಅರ್ಜಿ ಬರೆದರು. ಆ ಹೆಸರನ್ನೂ ಅಷ್ಟೇ ದುಂಡಗೆ ಬರೆದರು. ಹದಿನೇಳು ಹೆಬ್ಬೆಟ್ಟಿನ ಗುರುತುಗಳು, ಮುನಿಗಂಗಪ್ಪನದೊಂದು ಸಹಿ. ಜಮೀರ್ ಮೇಷ್ಟ್ರು ಮಾತ್ರ ಅರ್ಜಿ ಓದಿ, "ಕಾಗದ ಒಂದ್ಸಲ ಕೈಬಿಟ್ಟ ಮೇಲೆ ಎಲ್ಲೆಲ್ಲಿ ಹೋಗುತ್ತೋ ನಮಗೆ ಗೊತ್ತಾಗಲ್ಲ ಮುನಿವೆಂಕಟಯ್ಯನೋರೇ" ಎಂದಿದ್ದರು.

ಅರ್ಜಿ ಹೋಗಿ ನಾಲ್ಕು ತಿಂಗಳಾಯಿತು. ಆ ಅಕ್ಟೋಬರಿನಲ್ಲಿ ರೈಲು ಯಾರ್ಡಿನಿಂದ ತಾಮ್ರದ ತಂತಿಯ ಎರಡು ಸುರುಳಿ ಕಾಣೆಯಾಯಿತು. ಪೊಲೀಸಿನವರು ಬೇರೆ ಯಾವ ಬೀದಿಗೂ ಹೋಗಲಿಲ್ಲ. ನೆಟ್ಟಗೆ ಗುಡಿಸಲುಗಳಿಗೆ ಬಂದು, ಮಡಕೆಗಳನ್ನು ಒಡೆದು, ಬಿದಿರಿನ ರಾಶಿಯನ್ನು ಕೆದಕಿ, ಏನೂ ಸಿಗದೆ ಏಳು ಜನ ಗಂಡಸರನ್ನು ಕರೆದುಕೊಂಡು ಹೋದರು. ಅವರಲ್ಲಿ ಮುನಿಗಂಗಪ್ಪನೂ ಇದ್ದ.

ಸುದ್ದಿ ಕೇಳಿದ ಮೇಷ್ಟ್ರು ಜಮೀರ್ ಅವರನ್ನು ಕರೆದುಕೊಂಡು ಠಾಣೆಗೆ ಓಡಿದರು. ಸರ್ಕಾರಿ ಶಾಲೆಯ ಮೇಷ್ಟ್ರುಗಳೆಂದು ದಫೇದಾರ ಬೆಂಚು ತೋರಿಸಿದ.

"ಅವರು ಬುಟ್ಟಿ ಹೆಣೆಯೋ ಜನ ಸಾರ್. ನಾಲ್ಕು ವರ್ಷದಿಂದ ನಾನು ಬಲ್ಲೆ. ಮುನಿಗಂಗಪ್ಪ ನಮ್ಮ ಶಾಲೇಲಿ ಪಾಠ ಹೇಳ್ಬೇಕಾದೋನು."

"ಅವರು ಯಾರು ಅಂತ ನಮಗೆ ಗೊತ್ತು ಮೇಷ್ಟ್ರೇ" ಎಂದು ದಫೇದಾರ ಆ ಹೆಸರು ಹೇಳಿದ. ಅವನ ಬಾಯಲ್ಲಿ ಅದು ಬೈಗುಳದ ಹಾಗೆ ಕೇಳಿಸಿತು.

ಮೇಷ್ಟ್ರು ಬೆಂಚಿನಿಂದ ಎದ್ದರು. "ಹೇಗೆ ಗೊತ್ತಾಯ್ತು ನಿಮಗೆ? ಯಾರು ಹೇಳಿದ್ರು?"

"ಯಾರೋ ಹೇಳ್ತಾರೆ, ಎಲ್ಲಿಂದಾನೋ ಕಾಗದ ಬರ್ತದೆ. ಸರ್ಕಾರ ಅಂದ್ಮೇಲೆ ಒಂದೇ ಅಲ್ವಾ? ನೀವು ಬೇರೆ ನಾವು ಬೇರೇನಾ?"

ಅಷ್ಟಕ್ಕಿಂತ ಹೆಚ್ಚು ಅವನಿಂದ ಬರಲಿಲ್ಲ. ತಮ್ಮ ಅರ್ಜಿಯೇ ಇಲ್ಲಿಗೆ ಬಂದಿತೋ, ಬೇರೆ ಯಾರಾದರೂ ಹೇಳಿದರೋ, ಹಳೆಯ ರಿಜಿಸ್ಟರಿನಿಂದಲೇ ತೆಗೆದರೋ, ಮುನಿವೆಂಕಟಯ್ಯನವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅವರು ಶಾಲಾ ಇನ್‌ಸ್ಪೆಕ್ಟರ ಹತ್ತಿರ ಹೋದರು. ಅವರು ನಿಜವಾಗಿ ಮರುಗಿದರು, ಆದರೆ ಪೊಲೀಸಿನ ವಿಷಯ ನಮ್ಮ ಇಲಾಖೆಗೆ ಬರುವುದಿಲ್ಲ ಎಂದರು. ಪಟೇಲರ ಹತ್ತಿರ ಹೋದರು. "ನಿನಗ್ಯಾಕೋ ಇಲ್ಲದ ಉಸಾಬರಿ? ನೌಕರಿ ಮೇಲಿರೋನು" ಎಂದು ಪಟೇಲರು ಬೈದರು. ಠಾಣೆಯ ಮುಂದೆ ದಿನಾ ಹೋಗಿ ನಿಂತು ಬರುವುದೊಂದೇ ಅವರಿಂದ ಆದದ್ದು.

ಎಂಟು ದಿನಕ್ಕೆ ತಂತಿ ಸಿಕ್ಕಿತು. ಕದ್ದವರು ಬೇರೆಯೇ. ಏಳು ಜನರನ್ನೂ ಬಿಟ್ಟರು. ಮುನಿಗಂಗಪ್ಪನ ಬಲಗೈಯ ಮೂರು ಬೆರಳು ಮುರಿದಿದ್ದವು. ಅವನು ಮತ್ತೆ ಮೊರ ಕಟ್ಟಲಾರ, ಸೀಮೆಸುಣ್ಣವನ್ನೂ ಹಿಡಿಯಲಾರ.

ಅವರು ಬಿಡುಗಡೆಯಾದ ಮೂರನೆಯ ದಿನ ಮೇಷ್ಟ್ರು ನಾಲ್ಕನೆಯ ತರಗತಿಗೆ ಪಾಠ ಮಾಡುತ್ತಿದ್ದಾಗ ಮುನಿಗಂಗಮ್ಮ ಬಾಗಿಲಲ್ಲಿ ಬಂದು ನಿಂತಳು. ತಲೆಯ ಮೇಲೆ ಗಂಟು, ಸೊಂಟದಲ್ಲಿ ವರ್ಷ ತುಂಬದ ಕೂಸು. ಮುನಿಗಂಗಪ್ಪನ ಮಗ ಅದು. ಅವನ ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಮುನಿಗಂಗಮ್ಮ ಮೇಷ್ಟ್ರ ಕಡೆ ನೋಡದೆ ತನ್ನ ಮಾತಿನಲ್ಲಿ ಒಂದು ಪದ ಹೇಳಿದಳು. ಅದು ಮೇಷ್ಟ್ರಿಗೂ ಗೊತ್ತಿದ್ದ ಪದ. ಬನ್ನಿ ಎಂದು. ಒಂದೊಂದು ತರಗತಿಯಿಂದಲೂ ಮಕ್ಕಳು ಎದ್ದವು. ಪಟಾಲಮ್ಮ ಕೊನೆಗೆ ಎದ್ದಳು. ಸ್ಲೇಟನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತು, ಮೇಷ್ಟ್ರ ಮೇಜಿನ ಮೇಲಿಟ್ಟು ಹೋದಳು.

"ಮುನಿಗಂಗಮ್ಮ, ಒಂದು ಮಾತು ಕೇಳಮ್ಮ" ಎಂದು ಮೇಷ್ಟ್ರು ಹೊರಗೆ ಬಂದರು.

"ನಿಮ್ದೇನೂ ತಪ್ಪಿಲ್ಲ ಸೋಮಿ" ಎಂದಳು ಆಕೆ. ನಿಲ್ಲಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಮಧ್ಯಾಹ್ನ ಅವರು ಹಳಿಯ ಹತ್ತಿರ ಹೋದಾಗ ಗುಡಿಸಲುಗಳ ಜಾಗದಲ್ಲಿ ಒಲೆಯ ಕಲ್ಲುಗಳು ಮಾತ್ರ ಇದ್ದವು. ಭಾನುವಾರ ಭಾನುವಾರ ಚಿಕ್ಕಬಾಣಾವರದವರೆಗೆ ನಡೆದು ಕೇಳಿದರು. ಯಾರೂ ನೋಡಿರಲಿಲ್ಲ. ಹೊಸ ವರ್ಷದಲ್ಲಿ ಇನ್‌ಸ್ಪೆಕ್ಟರ ಕಚೇರಿಯಿಂದ ಒಂದು ಲಕೋಟೆ ಬಂತು. ಅರ್ಜಿ ಮಂಜೂರಾಗಿತ್ತು. ಮೇಷ್ಟ್ರು ಅದನ್ನು ಜಮೀರ್ ಅವರ ಕೈಗೆ ಕೊಟ್ಟು, ಮೈದಾನಕ್ಕೆ ಹೋಗಿ ಮಕ್ಕಳಿಗೆ ಡ್ರಿಲ್ ಮಾಡಿಸಿದರು.

ಅರವತ್ತಾರರ ಚಳಿಗಾಲದಲ್ಲಿ ಒಂದು ಮದುವೆಗೆಂದು ದೊಡ್ಡಬಳ್ಳಾಪುರದ ಬಸ್ಸು ಹತ್ತಿದ್ದರು. ರಾಜಾನುಕುಂಟೆಯಲ್ಲಿ ಟೈರು ಪಂಕ್ಚರಾಗಿ ಎಲ್ಲರೂ ಇಳಿಯಬೇಕಾಯಿತು. ಹೋಟೆಲಿನ ಪಕ್ಕದ ಆಲದ ಮರದಡಿ ಒಬ್ಬ ಹೆಂಗಸು ಮೊರಗಳನ್ನು ಹರಡಿಕೊಂಡು ಕೂತಿದ್ದಳು. ಜೊತೆಯಲ್ಲಿ ಹದಿನಾಲ್ಕರ ಹುಡುಗಿ, ಮೂರು ನಾಲ್ಕು ವರ್ಷದ ಗಂಡುಮಗು. ಮೇಷ್ಟ್ರಿಗೆ ಗುರುತು ಹತ್ತಲು ಹೊತ್ತಾಗಲಿಲ್ಲ. ಹತ್ತಿರ ಹೋಗಿ, ಅವರ ಮಾತಿನಲ್ಲಿ, ಚೆನ್ನಾಗಿದ್ದೀಯಾ ಮಗಳೇ ಎಂದರು.

ಪಟಾಲಮ್ಮ ಬೆಚ್ಚಿ ಎದ್ದು ನಿಂತಳು. ಹೋಟೆಲಿನ ಕಡೆ, ರಸ್ತೆಯ ಕಡೆ ನೋಡಿದಳು. ಆಮೇಲೆ ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ, "ತಾವು ಹೇಳಿದ್ದು ನಮಗೆ ಅರ್ಥವಾಗಲಿಲ್ಲ ಸಾರ್. ನಾವು ಮನೆಯಲ್ಲಿ ಕನ್ನಡವನ್ನೇ ಮಾತನಾಡುತ್ತೇವೆ" ಎಂದಳು.

"ನಾನು ಕಣಮ್ಮ. ಗೊರಗುಂಟೆಪಾಳ್ಯದ ಮೇಷ್ಟ್ರು."

"ಮೊರ ಬೇಕಾಗಿದೆಯೇ ಸಾರ್?" ಎಂದಳು. ಅವಳ ಕಣ್ಣು ತುಂಬಿತ್ತು.

ಮೇಷ್ಟ್ರು ಮುನಿಗಂಗಮ್ಮನ ಕಡೆ ತಿರುಗಿದರು. ಆಕೆ ತಲೆ ಎತ್ತದೆ ಮೊರದ ಅಂಚು ಬಿಗಿಯುತ್ತಲೇ ಇದ್ದಳು. ಮುನಿಗಂಗಪ್ಪ ಎಲ್ಲಿ ಎಂದು ಕೇಳಲು ಅವರಿಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಮಗು ಮರದ ಬೇರು ಎಡವಿ ಬಿದ್ದು, ಮೊಣಕಾಲು ತರಚಿ, ಕಿಟಾರನೆ ಚೀರಿತು. ಮುನಿಗಂಗಮ್ಮ ಕೆಲಸ ಬಿಸಾಡಿ ಮಗುವನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಬಸ್ಸಿನಿಂದ ಇಳಿದ ಜನ ಸುತ್ತಲೂ ನಿಂತಿದ್ದರು. ಆಕೆ ಬಾಯಿ ಮುಚ್ಚಿದಳು. ಬಿದ್ದ ಮಗುವನ್ನು ಸಮಾಧಾನ ಮಾಡುವುದಕ್ಕೆ ಆಕೆಗೆ ಗೊತ್ತಿದ್ದ ಮಾತುಗಳಲ್ಲಿ ಒಂದಾದರೂ ಕನ್ನಡದ್ದಾಗಿರಲಿಲ್ಲ. "ಸುಮ್ಕಿರು, ಸುಮ್ಕಿರು, ಸುಮ್ಕಿರು" ಎಂದು ಅದೊಂದನ್ನೇ ಹೇಳುತ್ತ ಬೆನ್ನು ತಟ್ಟಿದಳು. ಮಗು ಅಳುತ್ತಲೇ ಇತ್ತು.